ಜಿಟರ್ ಅನ್ನೋ ಗುಮ್ಮ ಮತ್ತು ಎಂಟು ಸಾವಿರದ ವೈರು

ಮೊನ್ನೆ ಊರಿಗೆ ಹೋದಾಗ ಅಪ್ಪ ಸಿಡಿ ಪ್ಲೇಯರಿಗೂ ಡ್ಯಾಕ್ ಡಬ್ಬಿಗೂ ನಡುವೆ ಹಾಕಿದ್ದ ಹೊಸ ವೈರು ತೋರಿಸಿದರು. ಕೇರೆಹಾವಿನಷ್ಟು ದಪ್ಪ. ಒಂದು ಮೀಟರಿಗೆ ಎಂಟು ಸಾವಿರ ರೂಪಾಯಿ, ಪೆನ್ಷನ್ ದುಡ್ಡು! "ಹಳೇ ವೈರಲ್ಲಿ ಜಿಟರ್ ಇತ್ತಂತೆ ಕಣೋ, ತಾಳ ಅದರುತ್ತಂತೆ" ಅಂದರು. ಆಮೇಲೆ ದನಿ ತಗ್ಗಿಸಿ, "ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಕೆಲವರ ಕಿವಿಗೆ ಕೇಳ್ಸಲ್ಲ ಅಂತ ಅಂಗಡಿಯವನು ಮೊದ್ಲೇ ಹೇಳಿದ್ದ. ವಯಸ್ಸಾಯ್ತು ನೋಡು" ಅಂದರು.

ನನಗೆ ಸಿಟ್ಟು ಬಂದಿದ್ದು ಎಂಟು ಸಾವಿರಕ್ಕಲ್ಲ, ಆ ಕೊನೆಯ ಮಾತಿಗೆ.

ಜಿಟರ್ ಸುಳ್ಳಲ್ಲ ಸ್ವಾಮಿ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳು. ಡ್ಯಾಕ್ ಒಂದೊಂದನ್ನೂ ಸರಿಯಾದ ಗಳಿಗೆಗೆ ದನಿಯಾಗಿಸಬೇಕು. ಈ ಎಸ್‌ಪಿಡಿಫ್ ವೈರಿನಲ್ಲಿ ಗಡಿಯಾರಕ್ಕೆ ಬೇರೆ ತಂತಿ ಇಲ್ಲ, ಡೇಟಾದ ಜೊತೆಗೇ ಹೆಣೆದುಕೊಂಡು ಬರುತ್ತೆ. ಅದನ್ನು ಹೆಕ್ಕಿ ತೆಗೆಯುವಾಗ ಟಿಕ್ ಟಿಕ್ ಒಂಚೂರು ಹಿಂದೆ ಮುಂದೆ ಆಗುತ್ತೆ. ಅದೇ ಜಿಟರ್. ಹಾಗಾಗಿ "ಒಂದು, ಸೊನ್ನೆ ಸರಿಯಾಗಿ ತಲುಪಿದ್ರೆ ಮುಗೀತು" ಅನ್ನೋ ನಮ್ಮ ಇಂಜಿನಿಯರುಗಳ ಜಂಬವೂ ಅರ್ಧ ಸತ್ಯವೇ. ಫೈಲ್ ಕಾಪಿಗೆ ಅಷ್ಟು ಸಾಕು. ಹಾಡಿಗೆ ಹೊತ್ತೂ ಮುಖ್ಯ.

ಆದರೆ ಎಷ್ಟು? ಇದೆಲ್ಲ ನ್ಯಾನೋಸೆಕೆಂಡಿನ ಲೆಕ್ಕ. 10,000 ಹರ್ಟ್ಸ್ ಸ್ವರದಲ್ಲಿ 1 ನ್ಯಾನೋಸೆಕೆಂಡ್ ತಪ್ಪಿದರೆ ಆಗುವ ದೋಷ ಹೆಚ್ಚೆಂದರೆ ಲಕ್ಷಕ್ಕೆ ಆರು ಪಾಲು. ಅದೂ ಸ್ವರದ ಪಕ್ಕದಲ್ಲಿ ಸಣ್ಣ ಕಲಬೆರಕೆ ಸ್ವರವಾಗಿಯೋ ಗೊರಗೊರವಾಗಿಯೋ ಸೇರುತ್ತೆ. ತಾಳ ಅದರೋದಿಲ್ಲ! ಅಪ್ಪ ಮೃದಂಗಕ್ಕೆ ತಲೆದೂಗುವಾಗ ಕಿವಿ ಒಂದು ಸೆಂಟಿಮೀಟರ್ ಹಿಂದೆ ಸರಿದರೆ ದನಿ ಸುಮಾರು 29,000 ನ್ಯಾನೋಸೆಕೆಂಡ್ ತಡವಾಗಿ ತಲುಪುತ್ತೆ. ಯಾರ ತಾಳ ಕೆಟ್ಟಿದೆ ಹೇಳಿ?

1998ರಲ್ಲಿ ಬೆಂಜಮಿನ್ ಮತ್ತು ಗ್ಯಾನನ್ ಎಂಬಿಬ್ಬರು ಜನರಿಗೆ ಕೇಳಿಸಿಯೇ ನೋಡಿದರು. ಸಂಗೀತದಲ್ಲಿ 20 ನ್ಯಾನೋಸೆಕೆಂಡಿಗಿಂತ ಕಡಿಮೆ ಜಿಟರ್ ಯಾರಿಗೂ ಗೊತ್ತಾಗಲಿಲ್ಲ. 2005ರಲ್ಲಿ ಜಪಾನಿನ ಅಶಿಹಾರ ತಂಡ ಗೊತ್ತುಗುರಿಯಿಲ್ಲದ ಜಿಟರ್ ಬೆರೆಸಿ ನೋಡಿತು. ಪಳಗಿದ ಕಿವಿಗಳಿಗೂ ನೂರಾರು ನ್ಯಾನೋಸೆಕೆಂಡ್ ಬೇಕಾಯಿತು. ಇವತ್ತಿನ ಒಳ್ಳೆ ಡ್ಯಾಕ್‌ಗಳಲ್ಲಿ ಅದು ಒಂದು ನ್ಯಾನೋಸೆಕೆಂಡಿಗೂ ಕಡಿಮೆ.

ಜಿಟರಿಗೆ ನಿಜವಾದ ಮದ್ದು ಡ್ಯಾಕ್ ಒಳಗಿನ ಗಡಿಯಾರ. ಅಸಿಂಕ್ರೊನಸ್ ಯುಎಸ್‌ಬಿಯಲ್ಲಂತೂ ಡ್ಯಾಕ್ ತನ್ನ ಗಡಿಯಾರ ನೋಡಿಕೊಂಡು ತಾನೇ ಡೇಟಾ ಕೇಳಿ ತರಿಸಿಕೊಳ್ಳುತ್ತೆ. ಅಪ್ಪನ ವೈರಿಗೆ ಬೇಕಾಗಿದ್ದು 75 ಓಮ್ ಅಷ್ಟೇ. ಕೇಬಲ್ ಟಿವಿಯವನು ಎಳೆಯೋ ವೈರೂ 75 ಓಮೇ!

ದುಬಾರಿ ವೈರು ಮಾರಬೇಡಿ ಅಂತ ನಾನು ಹೇಳಲ್ಲ. ವೈರಿನ ಅಂದಕ್ಕೇ ದುಡ್ಡು ಕೊಡುವವರು ಕೊಡಲಿ. ಆದರೆ ಕೇಳಿಸದಿದ್ದರೆ ತಪ್ಪು ನಿಮ್ಮ ಕಿವಿಯದು ಅಂತ ಮೊದಲೇ ಹೆದರಿಸಿ ಮಾರ್ತಾರಲ್ಲ, ಅದು ವ್ಯಾಪಾರ ಅಲ್ಲ, ಮೋಸ. ಐವತ್ತು ವರ್ಷ ಕಛೇರಿ ಕೇಳಿದ ಮನುಷ್ಯನಿಗೆ ತನ್ನ ಕಿವಿಯ ಮೇಲೇ ಅನುಮಾನ ಬರೋ ಹಾಗೆ ಮಾಡಿದರಲ್ಲ!

ಅವತ್ತು ರಾತ್ರಿ ಅಪ್ಪನನ್ನು ಗೋಡೆ ಕಡೆ ಕೂರಿಸಿ, ಹಳೇದು ಹೊಸದು ಅಂತ ಹತ್ತು ಸಲ ವೈರು ಬದಲಿಸಿದೆ. ಅಮ್ಮ ಚೀಟಿಯಲ್ಲಿ ಬರೆದುಕೊಂಡರು. ಐದು ಸರಿ, ಐದು ತಪ್ಪು. ಆಮೇಲೆ ನಾನು ಕೂತೆ. ನನಗೆ ನಾಲ್ಕೇ ಸರಿ.

"ನಿಂಗೂ ವಯಸ್ಸಾಯ್ತೇನೋ?" ಅಂತ ಅಪ್ಪ ನಕ್ಕರು.