ರೈಲು ಹತ್ತದೆಯೂ ಕಲಿಯುವಂತಾಗಲಿ

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಕೋಲಾರದ ಗಣಿ ಊರಾದ ಕೆಜಿಎಫ್‌ನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂನಲ್ಲಿ ಹೊರಡುವ ಬೆಳಗಿನ ಗಾಡಿ ಉರಿಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಕಿಕ್ಕಿರಿದಿರುತ್ತದೆ. ಬೆಂಗಳೂರಿಗೆ ಹೋಗಿಬರುವುದಕ್ಕೇ ದಿನದ ನಾಲ್ಕೈದು ಗಂಟೆ ಕಳೆಯುತ್ತದೆ. ದುಡಿಮೆಗೆ ಇದು ಅನಿವಾರ್ಯವೆನ್ನೋಣ. ಕಲಿಕೆಗೂ ಇದೇ ಗತಿಯೇ? ಕೆಜಿಎಫ್ ಮತ್ತು ಬಂಗಾರಪೇಟೆಯ ಸರ್ಕಾರಿ ಕಾಲೇಜುಗಳಲ್ಲೇ ಸ್ಥಳೀಯರಿಗೆ ಕಸುಬು ಕಲಿಸುವ ಸಮುದಾಯ ಕಾಲೇಜಿನ ಮಾದರಿಯಲ್ಲಿ ಮಾಹಿತಿ ತಂತ್ರಜ್ಞಾನ ಮತ್ತು ಸೈಬರ್ ಭದ್ರತೆಯ ಡಿಪ್ಲೊಮಾ ನಡೆಯಬೇಕು. ಈ ಮಾದರಿ ನಮಗೆ ಹೊಸದಲ್ಲ. 1995ರಲ್ಲೇ ಪುದುಚೇರಿಯಲ್ಲಿ ಸಮುದಾಯ ಕಾಲೇಜು ಶುರುವಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 12ನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಇದಕ್ಕೆಂದೇ ನೆರವಿನ ಯೋಜನೆ ರೂಪಿಸಿತು.

ಸೈಬರ್ ಭದ್ರತೆ ಎಂದೊಡನೆ ಗಣಿತದಲ್ಲಿ ಮುಳುಗಿದ ಎಂಜಿನಿಯರುಗಳು ಕಣ್ಣ ಮುಂದೆ ಬರುತ್ತಾರೆ. ದಿನನಿತ್ಯದ ಕೆಲಸ ಬೇರೆಯೇ ಇದೆ. ಕಚೇರಿಯೊಂದರ ಸರ್ವರ್‌ನ ಲಾಗ್ (ಚಟುವಟಿಕೆಯ ದಾಖಲೆ) ತೆರೆದರೆ ರಾತ್ರಿ ಎರಡು ಗಂಟೆಗೆ ಒಂದೇ ಖಾತೆಗೆ ಸಾಲುಸಾಲು ತಪ್ಪು ಪಾಸ್‌ವರ್ಡ್, ಕೊನೆಯ ಸಾಲಿನಲ್ಲಿ ಸರಿಯಾದದ್ದು. ಆ ಕೊನೆಯ ಸಾಲನ್ನು ಗುರುತಿಸಿ, ಖಾತೆ ನಿಲ್ಲಿಸಿ, ಮೇಲಿನವರಿಗೆ ತಿಳಿಸುವುದೇ ಕೆಲಸ. ಇದಕ್ಕೆ ಬೇಕಾದದ್ದು ತಾಳ್ಮೆ, ಅಭ್ಯಾಸ, ನೆಟ್‌ವರ್ಕಿನ ಗಟ್ಟಿ ತಳಹದಿ. ಇಂಥ ಕಣ್ಣುಗಳ ಅಗತ್ಯವನ್ನು ಕಾನೂನೇ ಹೇಳುತ್ತಿದೆ: ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳು ದಾಳಿಗೆ ಸಿಕ್ಕಿ, ಅಂಥ ಆಸ್ಪತ್ರೆಯೇ ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯಿತು. ತಾಲ್ಲೂಕು ಊರಿನ ಆಸ್ಪತ್ರೆ, ಸಹಕಾರ ಸಂಘಗಳ ಪಾಡೇನು?

ಇಲ್ಲಿ ಕಲಿತವರಿಗೆ ಇಲ್ಲೇ ಕೆಲಸ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹಲವರು ಮತ್ತೆ ಅದೇ ರೈಲು ಹತ್ತುತ್ತಾರೆ, ನಿಜ. ಆದರೆ ಕೈಯಲ್ಲಿ ಕಸುಬಿಟ್ಟುಕೊಂಡು ಹತ್ತುವವರ ಸಂಬಳ ಬೇರೆ, ಬದುಕು ಬೇರೆ. ಇಂಗ್ಲಿಷ್ ಸಾಲದು ಎಂಬ ಆಕ್ಷೇಪಕ್ಕೆ ಉತ್ತರ ಈ ಊರಿನ ಮನೆಮಾತುಗಳಲ್ಲೇ ಇದೆ. ಗಣಿಯ ಕಾಲೊನಿಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಒಟ್ಟೊಟ್ಟಿಗೆ ಬೆಳೆದಿವೆ. ವಂಚಕರ ಕರೆಯೂ ಇವೇ ಭಾಷೆಗಳಲ್ಲಿ ಬರುತ್ತದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಪಾನಿಪೂರಿ ಗಾಡಿಯವರಿಗೆ ಅವರ ಮಾತಿನಲ್ಲೇ ತಿಳಿಸಬಲ್ಲ ವಿದ್ಯಾರ್ಥಿಗೆ ಇಂಗ್ಲಿಷನ್ನು ಕಸುಬಿನ ಜೊತೆಗೇ ಕಲಿಸಬಹುದು. ಹ್ಯಾಕಿಂಗ್ ಕಲಿಸಿದರೆ ಕಳ್ಳರನ್ನು ತಯಾರಿಸಿದಂತೆ ಎಂಬ ಭಯವೂ ಇದೆ. ಇಂಟರ್‌ನೆಟ್ ಸಂಪರ್ಕವಿಲ್ಲದ ಪ್ರತ್ಯೇಕ ಪ್ರಯೋಗಾಲಯದಲ್ಲೇ ಅಭ್ಯಾಸ ನಡೆಯಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ಮೊದಲ ವಾರವೇ ಓದಿಸಲಿ.

ನನಗಿರುವ ಆತಂಕ ಇವಾವುದೂ ಅಲ್ಲ, ಅಧ್ಯಾಪಕರದು. ವರ್ಷವರ್ಷವೂ ಬದಲಾಗುವ ಅತಿಥಿ ಉಪನ್ಯಾಸಕರನ್ನೇ ನಂಬಿದರೆ ಪ್ರಯೋಗಾಲಯದ ಯಂತ್ರಗಳು ಹೊದಿಕೆಯಡಿ ದೂಳು ಹಿಡಿಯುತ್ತವೆ. ಸರ್ಕಾರ ಮೊದಲು ಎರಡು ಕಾಯಂ ಹುದ್ದೆ ಮಂಜೂರು ಮಾಡಲಿ, ಕಂಪ್ಯೂಟರ್ ಖರೀದಿಯ ಟೆಂಡರ್ ಆಮೇಲೆ ಕರೆಯಲಿ.