ಮಿದುಳು ಬಲಿಯುವ ಕಾಲ

ಮಂಗನ ಮಿದುಳು ಚಿಕ್ಕದು, ಮನುಷ್ಯನದು ದೊಡ್ಡದು. ಆದುದರಿಂದ ಮಂಗ ಕೆಳಗಿನ ಮೆಟ್ಟಿಲು, ಮನುಷ್ಯ ಮೇಲಿನ ಮೆಟ್ಟಿಲು ಎಂಬ ನಂಬಿಕೆ ಊರೂರಲ್ಲೂ ಇದೆ. ತೂಕದ ಮಾತು ಸುಳ್ಳಲ್ಲ. ವಯಸ್ಕ ಮನುಷ್ಯನ ಮಿದುಳು ಸುಮಾರು 1,350 ಗ್ರಾಂ, ಚಿಂಪಾಂಜಿಯದು 400 ಗ್ರಾಂ ಆಸುಪಾಸು. ಮಲೆನಾಡಿನ ಮಂಗ, ಸಿಂಗಳೀಕಗಳ ದಾಯಾದಿಯಾದ ಉತ್ತರ ಭಾರತದ ರೀಸಸ್ ಕೋತಿಯದು 100 ಗ್ರಾಂ ಮುಟ್ಟುವುದೂ ಕಷ್ಟ. ಆದರೆ ತಕ್ಕಡಿ ಹೇಳದ ಸಂಗತಿಯೊಂದಿದೆ: ಆ ಮಿದುಳು ಬಲಿಯಲು ಹಿಡಿಯುವ ಕಾಲ.

ಹುಟ್ಟುವ ಹೊತ್ತಿಗೆ ರೀಸಸ್ ಮರಿಯ ಮಿದುಳು ಪೂರ್ಣ ಗಾತ್ರದ ಮೂರನೇ ಎರಡು ಭಾಗದಷ್ಟು ಬೆಳೆದಿರುತ್ತದೆ. ಚಿಂಪಾಂಜಿ ಮರಿಯದು ಸುಮಾರು ಶೇ. 40; ಮನುಷ್ಯ ಶಿಶುವಿನದು ಶೇ. 30ರ ಆಸುಪಾಸು. ಉಳಿದ ಬೆಳವಣಿಗೆಯೆಲ್ಲ ಗರ್ಭದ ಹೊರಗೆ, ತಾಯಿಯ ಮಡಿಲಲ್ಲಿ, ಮನೆಯ ಜಗಲಿಯಲ್ಲಿ, ಮಾತು-ಆಟ-ಜಗಳಗಳ ನಡುವೆ ನಡೆಯಬೇಕು. ನರತಂತುಗಳಿಗೆ ಕೊಬ್ಬಿನ ಹೊದಿಕೆ ಏರುವ ಕೆಲಸ ಚಿಂಪಾಂಜಿಯಲ್ಲಿ ಪ್ರಾಯಕ್ಕೆ ಬರುವ ವೇಳೆಗೆ ಮುಗಿದರೆ, ಮನುಷ್ಯನಲ್ಲಿ ಇಪ್ಪತ್ತು ದಾಟಿದ ಮೇಲೂ ಮುಂದುವರಿಯುತ್ತದೆ. ಐದು ವರ್ಷದ ಆಸುಪಾಸಿನಲ್ಲಿ ಮಗುವಿನ ದೇಹ ಬಳಸುವ ಶಕ್ತಿಯ ಶೇ. 40ಕ್ಕೂ ಹೆಚ್ಚನ್ನು ಮಿದುಳೊಂದೇ ನುಂಗುತ್ತದೆ. ಅಂಗನವಾಡಿಗೆ ಗುಡ್ಡ ಇಳಿದು ಹಳ್ಳ ದಾಟಬೇಕಾದ ಒಂಟಿಮನೆಯ ಮಗುವಿನ ತಟ್ಟೆಯಲ್ಲಿ ಏನಿದೆ ಎಂಬುದು ಆದ್ದರಿಂದ ಸಣ್ಣ ಪ್ರಶ್ನೆಯಲ್ಲ.

ಹಾಗೆಂದು ಮಂಗನ ಮರಿ ಎಲ್ಲವನ್ನೂ ಕಲಿತೇ ಹುಟ್ಟುತ್ತದೆಂದು ಭಾವಿಸಬಾರದು. 1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ರೀಸಸ್ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಬೆಳೆಸಿದರು. ಹಾಲು ಕೊಡುವ ತಂತಿಯ ಬೊಂಬೆಯನ್ನು ಬಿಟ್ಟು ಅವು ಬಟ್ಟೆ ಹೊದಿಸಿದ ಬೊಂಬೆಯನ್ನೇ ಅಪ್ಪಿಕೊಂಡವು. ಒಂಟಿಯಾಗಿ ಬೆಳೆದವು ಮುಂದೆ ಗುಂಪಿನಲ್ಲಿ ಬಾಳಲಾರದಾದವು. ತಾಯಂದಿರಾದ ಹಲವು ಹೆಣ್ಣುಗಳು ಸ್ವಂತ ಮರಿಯನ್ನೇ ದೂರ ತಳ್ಳಿದವು. ಕ್ರೂರ ಪ್ರಯೋಗವದು, ಮತ್ತೆ ಯಾರೂ ಮಾಡಬಾರದ್ದು.

ಆದರೆ ತೋಟದಂಚಿನ ಬೋನು ಮಾಡುವುದೂ ಅದನ್ನೇ. ಬಾಳೆ, ಏಲಕ್ಕಿ ಕಳೆದುಕೊಂಡ ಕೃಷಿಕರ ಸಂಕಟ ನಿಜ. ಅವರಿಗೆ ಸಲ್ಲಬೇಕಾದ ನ್ಯಾಯವಾದ ಪರಿಹಾರ ವಿಳಂಬವಿಲ್ಲದೆ ಸಲ್ಲಬೇಕು. ಅದರ ಬದಲು ಸಿಕ್ಕಷ್ಟು ಮಂಗಗಳನ್ನು ಹಿಡಿದು ದೂರದ ಕಾಡಿಗೆ ಸುರಿದು ಬಂದರೆ ತಾಯಿ ಅಲ್ಲಿ, ಮರಿ ಇಲ್ಲಿ. ಹೊಸ ಕಾಡಿನಂಚಿನವರಿಗೂ ಅದೇ ಕಾಟ ತಗಲುತ್ತದೆ. ಹಿಡಿಯುವುದು ಅನಿವಾರ್ಯವಾದಲ್ಲಿ ಅರಣ್ಯ ಇಲಾಖೆ ಇಡೀ ಗುಂಪನ್ನು ಒಟ್ಟಿಗೇ ಹಿಡಿಯಲಿ, ಒಟ್ಟಿಗೇ ಬಿಡಲಿ. ಗುಂಪು ತಪ್ಪಿದ ಮರಿಯನ್ನು ಮನೆಗೊಯ್ದು ಸೊಂಟಕ್ಕೆ ಹಗ್ಗ ಕಟ್ಟಿ ಸಾಕುವ ಅಕ್ಕರೆಯೂ ನಿಲ್ಲಲಿ.