ಹೆಣ್ಣುಮಕ್ಕಳೂ ಪುಟ್ಟ ಮೋಟಾರುಗಳೂ

(ಮುಖ್ಯೋಪಾಧ್ಯಾಯಿನಿಯವರಿಂದ)

ನಮ್ಮ ಶಾಲೆಯ ಹೊಲಿಗೆಯ ಕೊಠಡಿಯ ಒಂದು ಮೂಲೆಯಲ್ಲಿ ಶನಿವಾರದ ಮಧ್ಯಾಹ್ನ ಕೆಲವು ವಿದ್ಯಾರ್ಥಿನಿಯರು ಮೋಟಾರು ಗಾಡಿಗಳ ಪುಟ್ಟ ಮಾದರಿಗಳನ್ನು ಅಳತೆಗೆ ಸರಿಯಾಗಿ ಮಾಡುತ್ತಿರುವರೆಂಬುದನ್ನು ತಾಯಿತಂದೆಗಳಲ್ಲಿ ಅನೇಕರು ಬಲ್ಲಿರಿ. ಕಳೆದ ಪೋಷಕರ ಸಭೆಯಲ್ಲಿ ಇದರ ವಿಷಯವಾಗಿ ಎರಡು ಆಕ್ಷೇಪಣೆಗಳು ಬಂದವು. ಇದು ಗಂಡುಹುಡುಗರ ಆಟವೇ ಹೊರತು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂಬುದು ಮೊದಲನೆಯದು. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಎದುರಿಗಿಟ್ಟುಕೊಂಡಿರುವ ಹುಡುಗಿಯರಿಗೆ ಇದು ಕಾಲಹರಣವೂ ಧನವ್ಯಯವೂ ಆಗುವುದೆಂಬುದು ಎರಡನೆಯದು. ಫೀಜು, ಸಮವಸ್ತ್ರ, ಶಾಲೆಯ ಬಾಗಿಲಿನ ಮುಂದೆ ವಾಹನಗಳನ್ನು ನಿಲ್ಲಿಸುವುದು ಮೊದಲಾದ ವಿಷಯಗಳಲ್ಲಿಯೇ ಸಭೆಯ ಹೊತ್ತು ಕಳೆದುಹೋದುದರಿಂದ ನನ್ನ ಉತ್ತರವನ್ನು ಈ ಸ್ಮರಣಸಂಚಿಕೆಯಲ್ಲಿ ಬರೆಯುತ್ತೇನೆ. ಆ ಮೂಲೆಯನ್ನು ಮುಚ್ಚಬಾರದೆಂಬುದೇ ನನ್ನ ಅಭಿಪ್ರಾಯ. ಕಾರಣಗಳನ್ನು ಓದಿದ ಮೇಲೆ ತಾವೇ ತೀರ್ಮಾನಿಸಬಹುದು.

ಮೊದಲನೆಯ ಆಕ್ಷೇಪಣೆಗೆ ಉತ್ತರವು ಒಂದು ಬೆಂಕಿಪೆಟ್ಟಿಗೆಯಲ್ಲಿಯೇ ಉಂಟು. ಇಂಗ್ಲೆಂಡು ದೇಶದಲ್ಲಿ ಲೆಸ್ನಿ ಎಂಬ ಕಂಪೆನಿಯ ಪಾಲುದಾರರಾದ ಜಾಕ್ ಓಡೆಲ್ ಎಂಬವರಿಗೆ ಒಬ್ಬ ಮಗಳಿದ್ದಳು. ಬೆಂಕಿಪೆಟ್ಟಿಗೆಯೊಳಗೆ ಹಿಡಿಯುವಷ್ಟು ಆಟದ ಸಾಮಾನನ್ನು ಮಾತ್ರ ಮಕ್ಕಳು ತರಬಹುದೆಂದು ಆಕೆಯ ಶಾಲೆಯಲ್ಲಿ ಕಟ್ಟಳೆಯಿತ್ತಂತೆ. ತಂದೆಯು ರಸ್ತೆಯನ್ನು ಸಮಮಾಡುವ ರೋಲರಿನ ಪುಟ್ಟ ಮಾದರಿಯೊಂದನ್ನು ಹಿತ್ತಾಳೆಯಿಂದ ಮಾಡಿ ಬೆಂಕಿಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಅದನ್ನು ನೋಡಿದ ಮಕ್ಕಳೆಲ್ಲ ತಮಗೂ ಬೇಕೆಂದರು. ೧೯೫೩ರಲ್ಲಿ ಪ್ರಾರಂಭವಾಗಿ ಪ್ರಪಂಚವನ್ನೆಲ್ಲ ಸುತ್ತಿದ ‘ಮ್ಯಾಚ್‌ಬಾಕ್ಸ್’ ಎಂಬ ಪುಟ್ಟ ಗಾಡಿಗಳು ಹುಟ್ಟಿದ್ದು ಹೀಗೆ. ಒಬ್ಬ ಶಾಲಾಬಾಲಿಕೆಯ ಚೀಲದಿಂದ ಹೊರಟ ವಸ್ತುವನ್ನು ಅಂಗಡಿಯವರು ಈಗ ಗಂಡುಮಕ್ಕಳ ಸಾಲಿನಲ್ಲಿ ಜೋಡಿಸಿಟ್ಟಿರುವುದು ವಿಚಿತ್ರವಲ್ಲವೆ? ನಮ್ಮ ಹುಡುಗಿಯೊಬ್ಬಳು ಕಂಟೋನ್ಮೆಂಟಿನ ಒಂದು ಅಂಗಡಿಗೆ ಹೋಗಿ ಸಣ್ಣ ಚಕ್ರಗಳನ್ನು ಕೇಳಿದಾಗಲೆಲ್ಲ “ತಮ್ಮನಿಗೇನಮ್ಮಾ?” ಎಂದೇ ಪ್ರಶ್ನೆಯಂತೆ. ಆಕೆಗೆ ತಮ್ಮನೇ ಇಲ್ಲ.

ಬೊಂಬೆಯ ಮನೆಯು ಹೆಣ್ಣುಮಕ್ಕಳಿಗೆ ಸಲ್ಲುವುದೆಂದು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಬೊಂಬೆಯ ಮನೆಯ ಅಳತೆಯು ಯಾವುದು? ಒಂದು ಅಡಿಗೆ ಒಂದು ಅಂಗುಲ, ಅಂದರೆ ೧೨ನೆಯ ಒಂದು ಪಾಲು. ಹೊಸ ದೆಹಲಿಯನ್ನು ಯೋಜಿಸಿದ ಲಟ್ಯೆನ್ಸ್ ಎಂಬ ಶಿಲ್ಪಿಯೇ ಮೇರಿ ರಾಣಿಗಾಗಿ ೧೯೨೪ರಲ್ಲಿ ಮುಗಿಸಿಕೊಟ್ಟ ಪ್ರಸಿದ್ಧವಾದ ಬೊಂಬೆಯ ಮನೆಯು ಈ ಅಳತೆಯದೇ; ಈಗಲೂ ವಿಂಡ್ಸರ್ ಅರಮನೆಯಲ್ಲಿದೆ. ಅದರ ಕೆಳಭಾಗದಲ್ಲಿ ಮೋಟಾರುಖಾನೆಯೊಂದಿದ್ದು ಡೈಮ್ಲರ್, ರೋಲ್ಸ್ ರಾಯ್ಸ್ ಗಾಡಿಗಳು ಅಲ್ಲಿ ಸಾಲಾಗಿ ನಿಂತಿವೆ. ಮೋಟಾರು ಮಾದರಿಗಳಲ್ಲಿ ಹೆಚ್ಚಾಗಿ ಬಳಸುವ ೨೪ನೆಯ ಒಂದು ಪಾಲೆಂಬುದು ಇದರಲ್ಲಿ ಅರ್ಧವಷ್ಟೆ. ಒಂದೇ ಅಳತೆಗೋಲಿನ ಎರಡು ಮನೆವಾರ್ತೆಗಳಲ್ಲಿ ಅಡಿಗೆಮನೆಯು ತಂಗಿಗೆ, ಮೋಟಾರುಖಾನೆಯು ಅಣ್ಣನಿಗೆ ಎಂದು ಗೆರೆಯೆಳೆದವರು ಯಾರೋ ನಾನರಿಯೆ.

ಗೆರೆಯೆಳೆದುದರಿಂದ ಆದ ನಷ್ಟವನ್ನು ಮಾತ್ರ ಬಲ್ಲೆವು. ಅಮೆರಿಕಾ ದೇಶದ ಜನರಲ್ ಮೋಟಾರ್ಸ್ ಕಂಪೆನಿಯವರು ೧೯೩೦ರಿಂದ ೧೯೬೮ರ ವರೆಗೆ ‘ಫಿಷರ್ ಬಾಡಿ ಕುಶಲಕರ್ಮಿಗಳ ಸಂಘ’ವೆಂಬುದನ್ನು ನಡೆಸಿದರು. ಮೊದಮೊದಲು ರಾಜರಥದ ಮಾದರಿಯನ್ನೂ, ಅನಂತರ ತಾವೇ ಕಲ್ಪಿಸಿದ ಮೋಟಾರಿನ ಮಾದರಿಯನ್ನೂ ಕೈಯಿಂದ ಮಾಡಿದ ಬಾಲಕರಿಗೆ ಕಾಲೇಜು ವ್ಯಾಸಂಗಕ್ಕೆಂದು ವಿದ್ಯಾರ್ಥಿವೇತನಗಳನ್ನು ಕೊಟ್ಟರು. ಅವರಲ್ಲಿ ಹಲವರು ಮುಂದೆ ದೊಡ್ಡ ಕಂಪೆನಿಗಳಲ್ಲಿ ಮೋಟಾರುಗಳ ಆಕಾರವನ್ನು ರೂಪಿಸುವವರಾದರು. ಬಾಲಿಕೆಯರಿಗೆ ಆ ಸಂಘದಲ್ಲಿ ಪ್ರವೇಶವಿರಲಿಲ್ಲ. ನಮ್ಮ ದೇಶದ ಕಥೆಯೂ ಬೇರೆಯಲ್ಲ. ೧೯೭೪ರಲ್ಲಿ ಇದೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಹಲಗೆಯಲ್ಲಿ ಟೆಲ್ಕೋ ಮೋಟಾರು ಕಂಪೆನಿಯ ಕೆಲಸಗಳಿಗೆ ಹೆಂಗಸರು ಅರ್ಜಿ ಹಾಕಬೇಕಾಗಿಲ್ಲವೆಂಬ ಪ್ರಕಟಣೆಯನ್ನು ಕಂಡು ಸುಧಾ ಮೂರ್ತಿಯವರು (ಆಗ ಕುಮಾರಿ ಸುಧಾ ಕುಲಕರ್ಣಿ) ಜೆ.ಆರ್.ಡಿ. ಟಾಟಾರವರಿಗೆ ಒಂದು ಪೋಸ್ಟ್ ಕಾರ್ಡು ಬರೆದು, ಆ ಕಂಪೆನಿಯ ಮೊದಲನೆಯ ಮಹಿಳಾ ಇಂಜಿನಿಯರಾದುದನ್ನು ತಾವೆಲ್ಲರೂ ಓದಿರುವಿರಿ. ೨೦೧೧ರಲ್ಲಿ ಹೊರಬಂದ ಮಹೀಂದ್ರ ಎಕ್ಸ್‌ಯುವಿ ೫೦೦ ಎಂಬ ಗಾಡಿಯ ರೂಪವನ್ನು ನಿರ್ಣಯಿಸಿದ ತಂಡದ ಮುಖ್ಯಸ್ಥರು ರಾಮಕೃಪಾ ಅನಂತನ್ ಎಂಬ ಮಹಿಳೆ. ನಮ್ಮ ಹುಡುಗಿಯರೆಲ್ಲ ಹಾಗೆಯೇ ಆಗುವರೆಂದು ನಾನು ಹೇಳುವುದಿಲ್ಲ; ಮೂಲೆಯಲ್ಲಿ ಕೂತ ಒಂಬತ್ತು ಮಂದಿಯಲ್ಲಿ ಒಬ್ಬಳಿಗೆ ನರ್ಸ್ ಆಗಬೇಕೆಂದಿದೆ, ಇನ್ನೊಬ್ಬಳಿಗೆ ಏನಾಗಬೇಕೆಂದು ದೇವರೇ ಬಲ್ಲ. ಬಾಗಿಲನ್ನು ನಾವೇ ಮುಂಚಿತವಾಗಿ ಮುಚ್ಚಬಾರದೆಂದಷ್ಟೇ ನನ್ನ ಮಾತು.

ಇನ್ನು ಎರಡನೆಯ ಆಕ್ಷೇಪಣೆ. ಕಾಲಹರಣವೋ ಅಲ್ಲವೋ ಎಂಬುದನ್ನು ತಿಳಿಯಲು ಆ ಮಕ್ಕಳು ಮಾಡುವುದೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಜೋಗುಪಾಳ್ಯದಲ್ಲಿಯೇ ವಾಸವಾಗಿರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಆಟೋ ನಡೆಸುವವರು. ಆಕೆ ತಂದೆಯ ಆಟೋವನ್ನೇ ಮಾದರಿ ಮಾಡಬೇಕೆಂದು ಹೊರಟಳು. ಅಂಗಡಿಯಲ್ಲಿ ಇದಕ್ಕೆ ಸಿದ್ಧವಾದ ಭಾಗಗಳು ಸಿಕ್ಕಲಿಲ್ಲ. ಸಿಕ್ಕಿದ್ದರೂ ಕೊಳ್ಳಲು ಹಣವಿರಲಿಲ್ಲ. ಹೊಲಿಗೆಯ ಟೇಪನ್ನು ತೆಗೆದುಕೊಂಡು ಬೆಳಿಗ್ಗೆ ಬಾಡಿಗೆಗೆ ಹೊರಡುವ ಮುಂಚೆಯೇ ಗಾಡಿಯನ್ನು ಅಳೆದಳು. ಉದ್ದವು ೨೬೪ ಸೆಂಟಿಮೀಟರು. ೨೪ರಿಂದ ಭಾಗಿಸಲು ೧೧. ಅಗಲವು ೧೩೦, ಭಾಗಿಸಲು ೫.೪. ಚಕ್ರದ ಅಡ್ಡಳತೆ ೪೧ ಸೆಂಟಿಮೀಟರು. ಮಾದರಿಯಲ್ಲಿ ೧೭ ಮಿಲಿಮೀಟರು. ಅಂಗಿಯ ಗುಂಡಿಯು ಇದಕ್ಕೆ ಚಿಕ್ಕದಾಯಿತು, ಕೋಟಿನ ಗುಂಡಿಯು ದೊಡ್ಡದಾಯಿತು. ಕೊನೆಗೆ ಸವೆದ ರಬ್ಬರು ಚಪ್ಪಲಿಯಿಂದ ಬಿಲ್ಲೆಗಳನ್ನು ಕೊರೆದು, ೪ ಮಿಲಿಮೀಟರಿನ ದಪ್ಪಕ್ಕೆ ಸೀಳಿ ಚಕ್ರಗಳನ್ನು ಮಾಡಿದಳು. ಮುರಿದ ಕೊಡೆಯ ಕಡ್ಡಿಯು ಅಚ್ಚಾಯಿತು. ಮದುವೆಯ ಕರೆಯೋಲೆಯ ಗಟ್ಟಿ ರಟ್ಟು ಮೈಯಾಯಿತು. ಮಿಠಾಯಿ ಡಬ್ಬಿಯ ಪಾರದರ್ಶಕವಾದ ಮುಚ್ಚಳವು ಮುಂದಿನ ಗಾಜಾಯಿತು. ಮೇಲುಹೊದಿಕೆಯ ಬಾಗು ಮಾತ್ರ ಹತ್ತು ಸಲ ಮಾಡಿದರೂ ಒಪ್ಪವಾಗಲಿಲ್ಲ. ಹಳೆಯ ಮದ್ರಾಸು ರಸ್ತೆಯಲ್ಲಿ ಆಟೋಗಳಿಗೆ ಸೀಟು, ಟಾಪು ಹೊಲಿಯುವ ಮುದುಕರೊಬ್ಬರು, ಬಟ್ಟೆಯನ್ನು ಮೊದಲು ಅಡ್ಡಕ್ಕೆ ಬಿಗಿದು ಆಮೇಲೆ ಉದ್ದಕ್ಕೆ ಎಳೆಯಬೇಕೆಂದು ಹೇಳಿಕೊಟ್ಟ ಮೇಲೆ ಅದು ಸರಿಹೋಯಿತು. ತಂದೆಗೆ ಈಗ ಒಂದೇ ಒಂದು ದೂರು: ನಂಬರ್ ಪ್ಲೇಟಿನಲ್ಲಿ ಕೊನೆಯ ಅಂಕಿಯು ಸ್ವಲ್ಪ ಓರೆಯಾಗಿದೆಯಂತೆ!

ಈ ಆಟೋವಿನಿಂದ ನಮ್ಮ ಗಣಿತದ ಉಪಾಧ್ಯಾಯಿನಿಯವರು ಒಂದು ಪಾಠವನ್ನೇ ಮಾಡಿದರು. ಉದ್ದವು ೨೪ನೆಯ ಒಂದು ಪಾಲಾದರೆ ಮೇಲ್ಮೈಯು ೫೭೬ರಲ್ಲಿ ಒಂದು ಪಾಲು, ಗಾತ್ರವು ೧೩,೮೨೪ರಲ್ಲಿ ಒಂದು ಪಾಲು. ಆದಕಾರಣ ಸುಮಾರು ೩೫೦ ಕಿಲೋಗ್ರಾಂ ತೂಗುವ ಆಟೋವನ್ನು ಅದೇ ವಸ್ತುಗಳಿಂದಲೇ ಈ ಅಳತೆಗೆ ಇಳಿಸಿದ್ದಾದರೆ ಅದು ತೂಗುವುದು ೨೫ ಗ್ರಾಂ ಮಾತ್ರ. ಘನಫಲದ ಸೂತ್ರವನ್ನು ಉರುಹೊಡೆದ ಹುಡುಗಿಯರು ಇದನ್ನು ಕೇಳಿ ಬಾಯಿ ತೆರೆದು ಕುಳಿತರು. ಬಣ್ಣದ ವಿಷಯವೂ ಹಾಗೆಯೇ. ನಿಜವಾದ ಗಾಡಿಯ ಬಾಗಿಲಿನ ಸಂದು ೫ ಮಿಲಿಮೀಟರು ಇದ್ದರೆ ಮಾದರಿಯಲ್ಲಿ ಅದು ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು. ಕುಂಚದಿಂದ ಬಣ್ಣವನ್ನು ದಪ್ಪವಾಗಿ ಬಳಿದರೆ ಬಾಗಿಲೇ ಮಾಯವಾಗುವುದು. ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಬಳಿಯಬೇಕು. ಹೊಳಪಿನ ಕಣಗಳುಳ್ಳ ಬಣ್ಣವು ದೊಡ್ಡ ಗಾಡಿಗೆ ಸೊಗಸು. ಪುಟ್ಟ ಗಾಡಿಯ ಮೇಲೆ ಆ ಕಣಗಳು ಕಲ್ಲುಸಕ್ಕರೆಯಂತೆ ಕಾಣುವುವು, ಏಕೆಂದರೆ ಗಾಡಿಯು ಚಿಕ್ಕದಾದರೂ ಕಣವು ಚಿಕ್ಕದಾಗಲಿಲ್ಲ. ಇಂಥ ವಿವೇಚನೆಯನ್ನು ಯಾವ ಪಠ್ಯಪುಸ್ತಕದಿಂದ ಕಲಿಸಬಹುದು?

ನಮ್ಮ ಮಿಷನ್ ಶಾಲೆಗಳಲ್ಲಿ ಹೊಲಿಗೆ, ಕಸೂತಿ, ಲೇಸು ಹೆಣೆಯುವುದು ಇವುಗಳಿಗೆ ಬಹುಕಾಲದಿಂದಲೂ ಗಂಟೆಗಳನ್ನು ಮೀಸಲಿಟ್ಟಿರುವುದನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲಿರಿ. ಒಂದು ಟಾಕು ತಪ್ಪಿದರೆ ಇಡೀ ಸಾಲನ್ನು ಬಿಚ್ಚಿಸಿದ ಉಪಾಧ್ಯಾಯಿನಿಯರನ್ನೂ ತಾವು ಮರೆತಿರಲಾರಿರಿ. ಅದನ್ನು ಕಾಲಹರಣವೆಂದು ಯಾವ ತಾಯಿಯೂ ಅನ್ನಲಿಲ್ಲ. ಕೈಯಿಗೂ ಕಣ್ಣಿಗೂ ದೊರೆಯುವ ಶಿಕ್ಷಣವು ಎರಡರಲ್ಲಿಯೂ ಒಂದೇ. ಹಾಗೆಂದು ಮಾದರಿ ಮಾಡಿದರೆ ಪರೀಕ್ಷೆಯಲ್ಲಿ ಅಂಕಗಳು ಹೆಚ್ಚುವುವೆಂದು ನಾನು ಆಸೆ ತೋರಿಸುವುದಿಲ್ಲ. ಹೆಚ್ಚಬಹುದು, ಹೆಚ್ಚದಿರಬಹುದು. ಕೈಯಲ್ಲಿನ ಟೆಲಿಫೋನನ್ನು ಎರಡು ಗಂಟೆಗಳ ಕಾಲ ಮುಟ್ಟದೆ ಒಂದು ಹುಡುಗಿಯು ಒಂದೇ ಕೆಲಸದಲ್ಲಿ ಮಗ್ನಳಾಗಿರುವುದನ್ನು ಈ ಕಾಲದಲ್ಲಿ ನೋಡಬೇಕಾದರೆ ಶನಿವಾರ ನಮ್ಮ ಹೊಲಿಗೆಯ ಕೊಠಡಿಗೆ ಬರಬೇಕು. ನನಗೆ ಇದಿಷ್ಟೇ ಸಾಕು.

ಧನವ್ಯಯದ ಮಾತಿನಲ್ಲಿ ತಂದೆಗಳ ಭಯವು ನ್ಯಾಯವಾದುದೇ. ೧೯೬೮ರಲ್ಲಿ ಅಮೆರಿಕಾದಲ್ಲಿ ಹುಟ್ಟಿದ ಹಾಟ್ ವೀಲ್ಸ್ ಮೊದಲಾದ ಎರಕದ ಗಾಡಿಗಳನ್ನು ನೂರಾರು ಸಂಖ್ಯೆಯಲ್ಲಿ ಕೊಂಡು, ಪೊಟ್ಟಣವನ್ನು ಬಿಚ್ಚದೆ ಗೋಡೆಗೆ ತೂಗುಹಾಕಿ, ಅಪರೂಪದವನ್ನು ಹೆಚ್ಚಿನ ಬೆಲೆಗೆ ಮಾರುವ ಹುಚ್ಚು ನಮ್ಮ ಪಟ್ಟಣಕ್ಕೂ ಬಂದಿದೆ. ಇದನ್ನು ಹವ್ಯಾಸವೆನ್ನಲು ನನ್ನ ಮನಸ್ಸೊಪ್ಪದು, ಇದು ವ್ಯಾಪಾರ. ಆದರೆ ಅಂಥ ಒಂದು ಗಾಡಿಯನ್ನು ಬಿಚ್ಚಿ, ಹಳೆಯ ಬಣ್ಣವನ್ನು ತೆಗೆದು, ತನಗೆ ಬೇಕಾದಂತೆ ಮಾರ್ಪಡಿಸುವುದು ಬೇರೆಯೇ ಕೆಲಸ. ಗಾಡಿಯ ತಳವನ್ನು ಮೈಗೆ ಸೇರಿಸಿರುವ ಎರಡು ರಿವೆಟ್ಟುಗಳ ತಲೆಯನ್ನು ಸಣ್ಣ ಬೈರಿಗೆಯಿಂದ ಕೊರೆದರೆ ಅದು ಬಿಚ್ಚಿಕೊಳ್ಳುವುದು. ಮೈಯು ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ ಮೊದಲಾದುವನ್ನು ಬೆರೆಸಿದ ಲೋಹದ್ದು. ಈ ಸತುವಿನಲ್ಲಿ ಸೀಸದ ಕಶ್ಮಲವಿದ್ದುದರಿಂದಲೇ ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಎಷ್ಟೋ ಆಟದ ಗಾಡಿಗಳು ಕಪಾಟಿನಲ್ಲಿದ್ದಂತೆಯೇ ಬಿರಿದು ಪುಡಿಯಾದವು. ನಮ್ಮಲ್ಲಿ ಒಬ್ಬಳು ಪೇಟೆಯಲ್ಲಿ ಕೊಂಡ ಅಂಬಾಸಡರ್ ಬೊಂಬೆಯನ್ನು ಅಜ್ಜನ ಟ್ಯಾಕ್ಸಿಯಂತೆ ಹಳದಿ ಮತ್ತು ಕಪ್ಪು ಬಣ್ಣಕ್ಕೆ ಮಾರ್ಪಡಿಸಿ, ಮೇಲೆ ಸಾಮಾನಿನ ಕ್ಯಾರಿಯರನ್ನು ತಂತಿಯಿಂದ ಬಗ್ಗಿಸಿ ಕೂರಿಸಿದ್ದಾಳೆ. ೧೯೫೮ರಿಂದ ೨೦೧೪ರ ವರೆಗೆ ತಯಾರಾದ ಆ ಗಾಡಿಯನ್ನು ಈಗಿನ ಮಕ್ಕಳು ರಸ್ತೆಯಲ್ಲಿ ಕಾಣುವುದೇ ಅಪರೂಪ. ಅಜ್ಜನು ತೀರಿಹೋಗಿ ಮೂರು ವರ್ಷಗಳಾದವು. ಕ್ಯಾರಿಯರಿನಲ್ಲಿ ಎಷ್ಟು ಅಡ್ಡಪಟ್ಟಿಗಳಿದ್ದವೆಂಬುದನ್ನು ಅಜ್ಜಿಯು ಎಣಿಸಿ ಹೇಳಿದರಂತೆ. ಆ ಮನೆಯಲ್ಲಿ ಈಗ ಯಾರೂ ಇದನ್ನು ದುಂದುವೆಚ್ಚವೆನ್ನುವುದಿಲ್ಲ.

ಪರದೇಶದ ಪೊಟ್ಟಣಗಳಿಗೆ ಮಾರುಹೋಗಬೇಕಾದುದೂ ಇಲ್ಲ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರು ದೂರದ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವರು. ಉಜ್ಜುವಿಕೆಯ ಕಾವಿನಿಂದಲೇ ಅರಗು ಕರಗಿ ಹತ್ತುವುದು. ಆಮೇಲೆ ಗರಿಯಿಂದ ತಿಕ್ಕಲು ಮೆರುಗು ಬರುವುದು. ಅಲ್ಲಿಯ ಮರದ ಕಾರುಗಳನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ದಾರಕಟ್ಟಿ ಎಳೆದವರೇ. ಈ ಕೆಲಸದಲ್ಲಿ ಹೆಂಗಸರೂ ಬಹುಮಂದಿ ಇದ್ದಾರೆ. ಚರಕಿಯ ಮುಂದೆ ಕುಳಿತವರನ್ನು ಇದು ಗಂಡಸರ ಆಟವೆಂದು ಅಲ್ಲಿ ಯಾರೂ ಎಬ್ಬಿಸುವುದಿಲ್ಲ. ಬರುವ ವರ್ಷ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದಿದೆ. ದೂರವೇಕೆ, ಶಿವಾಜಿನಗರದ ಗುಜರಿಯಲ್ಲಿ ಹಳೆಯ ಮೋಟಾರುಗಳನ್ನು ಭಾಗಭಾಗವಾಗಿ ಬಿಚ್ಚಿಡುವುದನ್ನು ಒಂದು ಗಂಟೆ ನಿಂತು ನೋಡಿದರೆ ಗಾಡಿಯ ಅಂಗರಚನೆಯನ್ನು ಚಿತ್ರಪಟಗಳಿಗಿಂತ ಚೆನ್ನಾಗಿ ಕಲಿಯಬಹುದು. ಅಲ್ಲಿಗೆ ಹುಡುಗಿಯರನ್ನು ಕಳುಹಿಸಲು ತಾಯಂದಿರು ಒಪ್ಪರೆಂದು ಬಲ್ಲೆ. ಉಪಾಧ್ಯಾಯಿನಿಯರಿಬ್ಬರು ಜೊತೆಯಲ್ಲಿ ಹೋಗುವರು.

ಕಟ್ಟಳೆಗಳನ್ನೂ ಹೇಳಿಬಿಡುತ್ತೇನೆ. ಹತ್ತನೆಯ ತರಗತಿಯವರಿಗೆ ಜನವರಿಯಿಂದ ಪರೀಕ್ಷೆ ಮುಗಿಯುವ ತನಕ ಈ ಮೂಲೆಯು ಇಲ್ಲ. ಹರಿತವಾದ ಅಲಗು, ಬೈರಿಗೆ ಇವೆರಡೂ ಉಪಾಧ್ಯಾಯಿನಿಯ ಎದುರಿನಲ್ಲಿ ಮಾತ್ರ. ಬಣ್ಣವನ್ನು ಕರಗಿಸುವ ಮದ್ದು ಚರ್ಮವನ್ನು ಸುಡುವುದರಿಂದಲೂ ಅದರ ಹಬೆಯು ಕೆಟ್ಟುದಾದುದರಿಂದಲೂ ಆ ಕೆಲಸವನ್ನು ದೊಡ್ಡವರು ಹೊರಗಿನ ಜಗಲಿಯಲ್ಲಿ ಕೈಗವಸು ತೊಟ್ಟು ಮಾಡಿಕೊಡುವರು. ಹೊಸದಾಗಿ ಕೊಂಡ ಸಾಮಾನನ್ನು ತಂದವಳು ಅದರ ಬೆಲೆಯನ್ನು ತಾಯಿಯ ಸಹಿಯೊಡನೆ ಪುಸ್ತಕದಲ್ಲಿ ಬರೆಯಬೇಕು.

ಮನೆಯಲ್ಲಿ ಮಗಳ ಹಾಸಿಗೆಯ ಕೆಳಗೆ ರಟ್ಟಿನ ಚೂರು, ಗುಂಡಿ, ಕಡ್ಡಿಗಳು ತುಂಬಿದ ಡಬ್ಬಿಯು ಕಂಡುಬಂದರೆ ಕಸವೆಂದು ತಿಳಿದು ಎಸೆಯುವ ಮುಂಚೆ ದಯಮಾಡಿ ಆಕೆಯನ್ನು ಒಂದು ಮಾತು ಕೇಳಿರಿ. ಕಳೆದ ದೀಪಾವಳಿಯ ಗುಡಿಸುವಿಕೆಯಲ್ಲಿ ಒಬ್ಬಳ ನಾಲ್ಕು ತಿಂಗಳ ಕೆಲಸವು ಕಸದ ಗಾಡಿಗೆ ಹೋಯಿತು. ಆ ಹುಡುಗಿಯು ಮತ್ತೆ ಮೂಲೆಗೆ ಬರಲೇ ಇಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ಬಿನ್ನಹವು ಚಿಕ್ಕದು. ಮದುವೆಯ ಕರೆಯೋಲೆಗಳು, ಮುರಿದ ಕೊಡೆಗಳು, ಸೈಕಲ್ಲಿನ ಕಡ್ಡಿಗಳು, ಹಳೆಯ ಕೈಚೀಲಗಳ ತೆಳುವಾದ ಚರ್ಮ ಇವುಗಳನ್ನು ಶಾಲೆಯ ಕಚೇರಿಯಲ್ಲಿ ತಲುಪಿಸಿದರೆ ಉಪಕಾರವಾಗುವುದು. ಅರ್ಧ ಉಪಯೋಗಿಸಿದ ಬಣ್ಣದ ಡಬ್ಬಿಗಳನ್ನು ಮಾತ್ರ ಕಳುಹಿಸಬೇಡಿರಿ. ಈಗಾಗಲೇ ಹದಿನೇಳು ಬಂದಿವೆ, ಒಂದರ ಮುಚ್ಚಳವೂ ತೆರೆಯುವುದಿಲ್ಲ.